ಬರ್ಲಿನ್‌ನ ಅರ್ಧ ಆಟ

"ಹುಡುಗಿ ಹಾಡ್ತಾಳಾ?" ಎಂದು ಮೀನಾಕ್ಷಮ್ಮ ಕೇಳಿದಾಗ ಜಯನಗರದ ಆ ಮನೆಯ ಹಾಲ್‌ನಲ್ಲಿ ಎಲ್ಲರೂ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಅವರ ಮಗ ಬದರಿನಾಥ ಮಾತ್ರ ಕೇಸರಿಬಾತ್‌ನಲ್ಲಿ ದ್ರಾಕ್ಷಿ ಹುಡುಕುತ್ತ ತಲೆ ತಗ್ಗಿಸಿ ಕೂತಿದ್ದ. ಹೆಣ್ಣು ನೋಡಲು ಬಂದವನು ಹೆಣ್ಣೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿಯಾಗಿತ್ತು.

"ಹಾಡೋಕೆ ಬರಲ್ಲ ಆಂಟಿ," ಎಂದಳು ಜಯಶೀಲಾ. "ಕಾಮೆಂಟರಿ ಹೇಳ್ಲಾ?"

ಅದು ೧೯೭೬ರ ಆಗಸ್ಟ್. ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ತಂಡ ಏಳನೆಯ ಸ್ಥಾನಕ್ಕೆ ಕುಸಿದು, ರೇಡಿಯೊ ಮುಂದೆ ಕೂತವರೆಲ್ಲ ಮುಖ ಸಪ್ಪಗೆ ಮಾಡಿಕೊಂಡಿದ್ದ ದಿನಗಳು. ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದ ಜಯಶೀಲಾ ಆ ಸಂಕಟಕ್ಕೆ ತನ್ನದೇ ಮದ್ದು ಕಂಡುಕೊಂಡಿದ್ದಳು. ೧೯೩೬ರ ಬರ್ಲಿನ್ ಫೈನಲ್! ಅವಳು ಹುಟ್ಟುವ ಮೊದಲೇ ನಡೆದ ಆ ಆಟವನ್ನು ಅಜ್ಜ ಅವಳಿಗೆ ಅನ್ನದ ಜೊತೆ ಕಲಸಿ ತಿನ್ನಿಸಿದ್ದರು.

"ನಿನ್ನೆಯ ಮಳೆಗೆ ನೆಲ ಇನ್ನೂ ಒದ್ದೆ! ಪ್ರಾಕ್ಟೀಸ್ ಮ್ಯಾಚ್‌ನಲ್ಲಿ ಇದೇ ಜರ್ಮನಿ ನಮ್ಮನ್ನ ಸೋಲಿಸಿದೆ, ಮರೀಬೇಡಿ! ಚೆಂಡು ಈಗ ನಮ್ಮವರ ಹತ್ತಿರ... ಒಬ್ಬನ್ನ ದಾಟಿದ, ಇನ್ನೊಬ್ಬನ್ನ ದಾಟಿದ... ಗೋಲ್!"

ಬದರಿಯ ಚಮಚ ಬಾಯಿಯ ಹತ್ತಿರವೇ ನಿಂತಿತು. ಅವಳ ಕೈ ಗಾಳಿಯಲ್ಲಿತ್ತು, ಮುಡಿದಿದ್ದ ಮಲ್ಲಿಗೆ ಜಾರಿ ಭುಜಕ್ಕೆ ಬಂದಿತ್ತು.

"ಹಾಫ್ ಟೈಮ್. ಒಂದೇ ಗೋಲು ನಮ್ಮದು. ಒದ್ದೆ ನೆಲದಲ್ಲಿ ಕಾಲು ಜಾರ್ತಿದೆ ಅಂತ ಕ್ಯಾಪ್ಟನ್ ಬೂಟು ಬಿಚ್ಚಿ ಎಸೀತಿದ್ದಾರೆ..."

"ಶೀಲಾ, ಸಾಕು!" ಎಂದು ಅವಳ ತಾಯಿ ಗದರಿದರು.

ಮಾತು ನಿಲ್ಲಿಸಿ ಅವಳು ನೇರವಾಗಿ ಬದರಿಯನ್ನು ನೋಡಿದಳು. ಏನಾದರೂ ಹೇಳುತ್ತಾನೇನೋ ಎಂದು ಕಾಯುವ ನೋಟ ಅದು. ಬದರಿಯ ಕಿವಿ ಕೆಂಪಾಯಿತು. ಪುಣ್ಯಾತ್ಮ ಮತ್ತೆ ದ್ರಾಕ್ಷಿ ಹುಡುಕತೊಡಗಿದ.

ಆಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಆಫೀಸಿನಲ್ಲಿ ಫೈಲು ತೆರೆದರೆ ಅವಳ ದನಿ, ಕಣ್ಣು ಮುಚ್ಚಿದರೆ ಜಾರಿದ ಮಲ್ಲಿಗೆ. ಆ ವಾರವೇ ಇನ್ನೊಂದು ಸುದ್ದಿ ಕಿವಿಗೆ ಬಿತ್ತು. ಜಾತಕ ಕೂಡಿಬರಲಿಲ್ಲ ಎಂದು ಅಪ್ಪ ಹುಡುಗಿಯ ಮನೆಗೆ ಹೇಳಿ ಕಳಿಸಿದ್ದರು. ಜಾತಕವನ್ನು ಯಾರೂ ಬಿಚ್ಚಿಯೂ ನೋಡಿರಲಿಲ್ಲ. ಯಾಕೆ ಎಂದು ಅಪ್ಪನನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಮರುದಿನ ಸಂಜೆ ಕಾಲು ತಾನಾಗಿ ಅವನನ್ನು ಅವಳ ಸ್ಕೂಲಿನ ಗೇಟಿಗೆ ಎಳೆದುಕೊಂಡು ಹೋಯಿತು.

"ಜಾತಕ ಕೂಡಲಿಲ್ಲವಂತೆ. ಇಲ್ಲೇನು ಕೆಲಸ?" ಎಂದಳು ಜಯಶೀಲಾ.

"ಬೂಟು ಬಿಚ್ಚಿದ ಮೇಲೆ ಏನಾಯ್ತು ಅಂತ ಕೇಳೋಕೆ ಬಂದೆ."

"ಗೊತ್ತಿಲ್ವಾ?"

"ಎಂಟು-ಒಂದು. ಗೊತ್ತು. ನೀವು ಹೇಳಿದ್ರೆ ಕೇಳಬೇಕು ಅನ್ಸುತ್ತೆ."

ನಗಬಾರದು ಎಂದುಕೊಂಡೇ ಅವಳು ನಕ್ಕಳು. ಮೈದಾನದ ಅಂಚಿನಲ್ಲಿ ನಡೆಯುತ್ತ ಉಳಿದ ಗೋಲುಗಳನ್ನೆಲ್ಲ ಒಂದೊಂದಾಗಿ ಹೊಡೆದಳು. ಬದರಿ ಅವಳ ಬಾಯನ್ನೇ ನೋಡುತ್ತ ಎರಡು ಸಲ ಕಲ್ಲೆಡವಿದ. ಆಟ ಮುಗಿದಾಗ ಅವಳ ನಗುವೂ ಮುಗಿಯಿತು.

"ಅವತ್ತು ಅಮ್ಮ ಗದರಿದಾಗ 'ಹೇಳ್ಲಿ ಬಿಡಿ' ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು."

"ನನಗೆ ನೀವು ಬೇಕು ಶೀಲಾ," ಎಂದುಬಿಟ್ಟ.

ಅವಳ ಕಣ್ಣು ತುಂಬಿತು, ಸಿಟ್ಟೂ ಬಂತು. "ನನ್ನ ಹತ್ರ ಹೇಳೋದು ಸುಲಭ. ಭಾನುವಾರ ತುಮಕೂರಿನವರು ನನ್ನ ನೋಡೋಕೆ ಬರ್ತಿದ್ದಾರೆ. ನಿಮ್ಮಪ್ಪನ ಹತ್ರ ಹೇಳ್ತೀರಾ?"

"ಹೇಳ್ತೀನಿ."

"ಯಾವಾಗ?"

ಅವನು ಚಪ್ಪಲಿ ನೋಡಿಕೊಂಡ.

"ನಡೀರಿ, ನಾನೂ ಬರ್ತೀನಿ. ನೀವು ಹೇಳೋದನ್ನ ನಾನು ಕೇಳಬೇಕು."

ಬನಶಂಕರಿಯ ಬಸ್ಸಿನಲ್ಲಿ ಅವಳು ಮುಂದೆ ಕೂತಳು, ಅವನು ಹಿಂದೆ ಕಂಬಿ ಹಿಡಿದು ನಿಂತ. ನಡುವೆ ಎಲ್ಲಾದರೂ ಇಳಿದು ಓಡಿಹೋದನೇನೋ ಎಂದು ಅವಳು ಆಗಾಗ ತಿರುಗಿ ನೋಡುತ್ತಿದ್ದಳು.

ಅಪ್ಪ ಗುರುಬಸಪ್ಪ ವರಾಂಡದಲ್ಲಿ ಪೇಪರ್ ಓದುತ್ತಿದ್ದರು.

"ಅಪ್ಪಾಜಿ," ಎಂದ ಬದರಿ. ಜಯಶೀಲಾ ಪಕ್ಕದಲ್ಲೇ ಇದ್ದಳು. "ಜಾತಕದ ಮಾತು ಸುಳ್ಳು. ನನಗೆ ಇವರೇ ಬೇಕು. ಬೇರೆ ಯಾರನ್ನೂ ನಾನು ನೋಡೋಕೆ ಹೋಗಲ್ಲ."

ಗುರುಬಸಪ್ಪ ಕನ್ನಡಕ ತೆಗೆದು ಮಗನನ್ನು ನೋಡಿದರು.

"ಸುಳ್ಳೇ ಕಣಪ್ಪ. ನೀನು ತಲೇನೇ ಎತ್ತಲಿಲ್ಲ, ಹುಡುಗಿ ಹಿಡಿಸಿಲ್ಲ ಅಂದ್ಕೊಂಡೆ. ಹುಡುಗ ಒಪ್ಪಲಿಲ್ಲ ಅಂದ್ರೆ ಆ ಮಗೂಗೆ ನೋವಾಗಲ್ವಾ? ಅದಕ್ಕೇ ಜಾತಕದ ಮೇಲೆ ಹಾಕ್ದೆ. ನನಗೂ ನಿಮ್ಮಮ್ಮಂಗೂ ಆವತ್ತೇ ಒಪ್ಪಿಗೆಯಾಗಿತ್ತು."

ಬದರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಕ್ಕಕ್ಕೆ ನೋಡಿದ. ಅವಳ ಕೆನ್ನೆ ಒದ್ದೆಯಾಗಿತ್ತು, ಕಣ್ಣಿನಲ್ಲಿ ತುಂಟತನ ಆಗಲೇ ಮರಳಿತ್ತು.

"ಇನ್ನೊಂದ್ಸಲ ಹೇಳಿ," ಎಂದಳು.

"ಏನನ್ನ?"

"ಈಗ ಹೇಳಿದ್ರಲ್ಲ, ಅದನ್ನೇ. ನಿಮ್ಮಮ್ಮ ಅಡುಗೆಮನೇಲಿದ್ದಾರೆ, ಅವರಿಗೆ ಕೇಳಿಸಿಲ್ಲ."

ಬದರಿ ಹೇಳಿದ. ಮೀನಾಕ್ಷಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಎದುರುಮನೆಯವರೂ ಬಂದರು.