ಡ್ರಮ್ಮಿನಲ್ಲಿ ಕೆಂಪು ನೀರು

ಮಧ್ಯಾಹ್ನ ನೀರಿನ ಕೋಣೆಯ ಬೀಗ ತೆಗೆದ ವಾರ್ಡನ್ ಚೀರಿದರು. ಡ್ರಮ್ಮಿನ ಕುಡಿಯುವ ನೀರು ಮತ್ತೆ ನಾಲ್ಕು ಬೆರಳು ಇಳಿದಿತ್ತು. ಉಳಿದದ್ದು — ತಿಳಿಗೆಂಪು!

ಬೆಟ್ಟದ ಬುಡಕಟ್ಟಿನ ಹುಡುಗಿಯರ ಹಾಸ್ಟೆಲ್ ಅದು. ಕೊಳವೆಬಾವಿ ಬತ್ತಿ ತಿಂಗಳಾಗಿತ್ತು. ಜ್ವರದ ಹುಡುಗಿಯೊಬ್ಬಳನ್ನು ನೋಡಲು ನರ್ಸಾದ ನಾನು ದಿನಾ ಬರುತ್ತಿದ್ದೆ. ಕಳ್ಳತನದ ದೂರಿಗೆ ಇನ್ಸ್‌ಪೆಕ್ಟರಮ್ಮ ಬಂದಿದ್ದರು.

"ಒಣ ಬಾವಿಗೆ ಬಿದ್ದು ಸತ್ತೋಳು ಬರ್ತಾಳೆ," ಅಡುಗೆಯಮ್ಮ ಪಿಸುಗುಟ್ಟಿದಳು. "ಹುಡುಗೀರು ಕ್ಲಾಸಿಗೆ ಹೋದ್ಮೇಲೆ ಒಳಗೆ ತೊಟ ತೊಟ ಅಂತ ಸದ್ದು. ಅವಳ ಬಾಯಿ ರಕ್ತಾನೇ ಅದು!"

ದೆವ್ವ ನಂಬುವವಳಲ್ಲ ನಾನು. ಆದರೂ ಡ್ರಮ್ಮಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ, ಸುಳ್ಳೇಕೆ ಹೇಳಲಿ?

"ಬೀಗದ ಕೈ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ನನ್ನ ಸೊಂಟದಲ್ಲೇ ಇದೆ," ಎಂದರು ವಾರ್ಡನ್.

"ಕಿಟಕಿ?"

"ಡ್ರಮ್ಮಿನ ಮೇಲಿರೋ ಆ ಗವಾಕ್ಷಿ ಒಂದೇ. ಬೆಕ್ಕೂ ತೂರಲ್ಲ. ನೆಲದ ಮೇಲೆ ಒಂದು ಹನಿ ಇಲ್ಲ ನೋಡಿ! ಮನುಷ್ಯರು ಹೀಗೆ ಕದೀತಾರಾ?"

"ಹುಡುಗೀರಿಗೆ ದಿನಕ್ಕೆಷ್ಟು ನೀರು?"

"ಒಬ್ಬೊಬ್ಬರಿಗೆ ಒಂದು ಬಕೆಟ್."

"ಮುಟ್ಟಾದವರಿಗೆ?"

"ನಿಯಮ ಎಲ್ಲರಿಗೂ ಒಂದೇ."

ಇನ್ಸ್‌ಪೆಕ್ಟರಮ್ಮ ಹಿತ್ತಲಿಗೊಂದು ಸುತ್ತು ಹೋಗಿ ಬಂದು, ಜ್ವರದವಳ ಕೋಣೆಗೆ ನಡೆದರು. ಪಕ್ಕದಲ್ಲಿ ಅದೇ ಹಾಸ್ಟೆಲಿನಲ್ಲಿದ್ದ ಅವಳ ಅಕ್ಕ ಕೂತಿದ್ದಳು.

"ಬೇಸಿಗೇಲಿ ನಿಮ್ಮ ಬೆಟ್ಟದಲ್ಲಿ ನೀರು ಎಲ್ಲಿ ಸಿಗುತ್ತಮ್ಮ?"

"ಬಂಡೆ ಸೀಳಿನಲ್ಲಿ."

"ಕೈ ಹಿಡಿಸದಷ್ಟು ಸಣ್ಣ ಸೀಳಾದ್ರೆ?"

ಅಕ್ಕ ಅಂಗೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಬಟ್ಟೆ ಇಳಿಬಿಡ್ತಾರೆ," ಇನ್ಸ್‌ಪೆಕ್ಟರಮ್ಮ ನಮ್ಮತ್ತ ತಿರುಗಿದರು. "ಅದು ನೀರು ಹೀರಿದ ಮೇಲೆ ಎಳೆದು ಹಿಂಡ್ತಾರೆ. ಇಲ್ಲಿ ಹೊರಗಿನಿಂದ ಗವಾಕ್ಷಿಯಲ್ಲಿ ಡ್ರಮ್ಮಿಗೆ ಹಾಗೇ ಇಳಿಬಿಟ್ಟಿದ್ದಾರೆ. ನೀವೆಲ್ಲ ಒಳಗಿನ ನೆಲ ನೋಡಿದ್ರಿ. ಹೊರಗೆ ನೋಡಿದ್ರಾ? ಅಂಗಳವೆಲ್ಲ ಒಣಗಿ ಸುಟ್ಟಿದೆ, ಗವಾಕ್ಷಿ ಕೆಳಗೆ ಮಾತ್ರ ಅಂಗೈಯಗಲ ಹಸಿರು ಹುಲ್ಲು! ನೀರಿನ ಕೆಂಪು ರಕ್ತ ಅಲ್ಲ. ಹೊಸ ಬಟ್ಟೆ ಬಿಟ್ಟ ಬಣ್ಣ. ಕೈ ತೋರಿಸಮ್ಮ."

ಅಂಗೈಗಳು ಕೆಂಪಗಿದ್ದವು.

"ಮೊದಲಿನ ಬಟ್ಟೆ ಹರೀತು," ಎಂದಳು ಅಕ್ಕ. "ಕುಡಿಯೋ ನೀರಿಗೆ ಉಟ್ಟ ಬಟ್ಟೆ ಹಾಕೋಕಾಗುತ್ತಾ? ಅದಕ್ಕೇ ಹೊಸದು ತಗೊಂಡೆ. ತಂಗಿ ಮುಟ್ಟಿನ ಬಟ್ಟೆ ಒಗೀಬೇಕಿತ್ತು. ಒಗೀದೇ ಇರೋದನ್ನೇ ಹಾಕ್ಕೊಂಡು ಅವಳಿಗೆ ಹೀಗೆ ಜ್ವರ ಬಂತು."

"ಇಬ್ಬರನ್ನೂ ಇವತ್ತೇ ಮನೆಗೆ ಅಟ್ತೀನಿ!" ವಾರ್ಡನ್ ಗುಡುಗಿದರು.

"ಅಟ್ಟಿ ನೋಡಿ," ಇನ್ಸ್‌ಪೆಕ್ಟರಮ್ಮ ಮೆಲ್ಲಗೆ ಅಂದರು. "ನೀರು ಕದ್ದೋಳು ಇವಳು, ನಿಜ. ಆ ಮಗೂನ ಹಾಸಿಗೆ ಹಿಡಿಸಿದ್ದು ನಿಮ್ಮ ನಿಯಮ. ನಾನು ಬರೆಯೋ ವರದೀಲಿ ನಿಮ್ಮ ಹೆಸರೇ ಮೊದಲು."

ಅಕ್ಕ ಯಾರ ಮುಖವನ್ನೂ ನೋಡದೆ ಕೇಳಿದಳು, "ಇವತ್ತಿನ ಬಟ್ಟೆ ಒಗೆಯೋಕೆ ಒಂದು ಬಕೆಟ್ ಕೊಡ್ತೀರಾ?"

ನನಗೆ ತಲೆಯೆತ್ತಲಾಗಲಿಲ್ಲ. ಮೂರು ದಿನದಿಂದ ಆ ಹುಡುಗಿಗೆ 'ಸ್ವಚ್ಛವಾಗಿರಮ್ಮ' ಎಂದು ಬುದ್ಧಿ ಹೇಳುತ್ತಿದ್ದವಳು ನಾನೇ. ಯಾವ ನೀರಿನಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ.