ಹೊರಗೆ ಒಬ್ಬರು ನಿಂತಿದ್ದಾರೆ

"ಸ್ವಲ್ಪ ನಗಿ," ಎಂದಳು ವನೆಸ್ಸಾ.

ಎದುರಿಗೆ ಕೂತವನು ತುಟಿ ಇನ್ನಷ್ಟು ಬಿಗಿದುಕೊಂಡ. "ನಗುವಂಥದ್ದು ಎಂತ ಆಯ್ತು ಮೇಡಂ?"

"ನೀವು ನಗದಿದ್ದರೆ ಹಲ್ಲು ಕಾಣುವುದಿಲ್ಲ. ಹಲ್ಲು ಕಾಣದಿದ್ದರೆ ನಾನು ಬಣ್ಣ ಹೊಂದಿಸುವುದು ಹೇಗೆ?"

ಮಣಿಪಾಲದ ಆ ಡೆಂಟಲ್ ಲ್ಯಾಬಿನಲ್ಲಿ ಪಿಂಗಾಣಿಯ ಹಲ್ಲು ಮಾಡುವುದು ವನೆಸ್ಸಾಳ ಕೆಲಸ. ಮುಂದಿನ ಹಲ್ಲಾದರೆ ಡಾಕ್ಟರು ರೋಗಿಯನ್ನೇ ಅವಳಲ್ಲಿಗೆ ಕಳಿಸುತ್ತಿದ್ದರು. ಪಕ್ಕದ ಹಲ್ಲಿನ ಬಣ್ಣವನ್ನು ಕಿಟಕಿಯ ಬೆಳಕಿನಲ್ಲೇ ನೋಡಬೇಕು. ಇವನ ಹೆಸರು ರೋನಿ. ಕಾಪುವಿನಲ್ಲಿ ದೋಣಿಯ ಎಂಜಿನ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಸ್ಪ್ಯಾನರ್ ಜಾರಿ ಮುಂದಿನ ಹಲ್ಲು ಅರ್ಧ ಹಾರಿಹೋಗಿತ್ತು.

ಅವಳು ಮಾದರಿಯ ಹಲ್ಲುಗಳನ್ನು ಒಂದೊಂದಾಗಿ ಅವನ ತುಟಿಯ ಹತ್ತಿರ ಹಿಡಿದಳು. ಬಗ್ಗಿದಳು, ಹಿಂದೆ ಸರಿದಳು, ಮತ್ತೆ ಬಗ್ಗಿದಳು. ಅವಳ ಉಸಿರಿಗೆ ಅವನ ಮೀಸೆಯ ಒಂದು ಕೂದಲು ಅಲುಗಾಡಿತು. ರೋನಿಯ ಕಿವಿ ಕೆಂಪಾಯಿತು. ಅಷ್ಟರಲ್ಲಿ ಅವನ ಫೋನ್ ಬಂತು. ಅವನು ಮುಖ ತಿರುಗಿಸಿ ಕೊಂಕಣಿಯಲ್ಲಿ ಗೆಳೆಯನಿಗೆ ಪಿಸುಗುಟ್ಟಿದ: "ಇಲ್ಲೊಬ್ಬಳು ಹುಡುಗಿ ನನ್ನನ್ನೇ ನೋಡ್ತಾ ಇದ್ದಾಳೆ ಮಾರಾಯ, ರೆಪ್ಪೆ ಸಹ ಹೊಡೆಯುವುದಿಲ್ಲ. ಚೆಂದ ಇದ್ದಾಳೆ. ಆದರೆ ಹೆದರಿಕೆ ಆಗ್ತದೆ."

ವನೆಸ್ಸಾ ಚೀಟಿಯಲ್ಲಿ ಬಣ್ಣದ ನಂಬರು ಬರೆದು, ತಲೆ ಎತ್ತದೆ ಅದೇ ಕೊಂಕಣಿಯಲ್ಲಿ ಹೇಳಿದಳು: "ಹೆದರಬೇಡಿ. ನಾನು ನೋಡಿದ್ದು ನಿಮ್ಮನ್ನಲ್ಲ, ನಿಮ್ಮ ಪಕ್ಕದ ಹಲ್ಲನ್ನು."

ಮೂಲೆಯಲ್ಲಿ ಮೇಣ ಕರಗಿಸುತ್ತಿದ್ದ ಕುಶಲಕ್ಕನಿಗೆ ಕೊಂಕಣಿ ಬರುತ್ತಿರಲಿಲ್ಲ. ಅವನ ಮುಖ ನೋಡಿಯೇ ಅವಳಿಗೆ ನಗು ತಡೆಯಲಾಗಲಿಲ್ಲ.

ಹಲ್ಲು ಕೂರಿಸಿಯಾಯಿತು. ವಾರ ಕಳೆಯುವುದರೊಳಗೆ ರೋನಿ ಮತ್ತೆ ಬಂದ. ಬಣ್ಣ ಸ್ವಲ್ಪ ಹೆಚ್ಚಾದ ಹಾಗೆ ಕಾಣುತ್ತದಂತೆ. ಆಮೇಲೆ ಇನ್ನೊಮ್ಮೆ ಬಂದ. ಈಗ ಸ್ವಲ್ಪ ಕಡಿಮೆಯಂತೆ. ಮುಂದಿನ ಸಲ ಬಂದಾಗ ಕುಶಲಕ್ಕ ಜೋರಾಗಿಯೇ ಹೇಳಿದಳು: "ಇವರ ಹಲ್ಲಿಗೆ ಎಂತದೂ ಆಗಲಿಲ್ಲ ವನೆಸ್ಸಾ. ತೊಂದರೆ ಬೇರೆ ಕಡೆ ಉಂಟು."

ಆ ವರ್ಷ ವನೆಸ್ಸಾಳ ಊರಾದ ಕಲ್ಯಾಣಪುರದ ಇಗರ್ಜಿಯಲ್ಲಿ ಭಾನುವಾರದ ಪೂಜೆಗೆ ಒಬ್ಬ ಹೊಸಬ ಬರತೊಡಗಿದ. ಕಾಪುವಿನಿಂದ ಅಷ್ಟು ದೂರ ಯಾಕೆ ಬರುವುದು ಎಂದು ವನೆಸ್ಸಾ ಕೇಳಿದರೆ, "ಇಲ್ಲಿ ಪಾದ್ರಿಗಳ ಪ್ರಸಂಗ ಒಳ್ಳೆಯದು," ಎನ್ನುತ್ತಿದ್ದ. ಪ್ರಸಂಗದ ಹೊತ್ತಿಗೆ ಅವನ ಕಣ್ಣು ಮಾತ್ರ ಹೆಂಗಸರ ಸಾಲಿನಲ್ಲಿರುತ್ತಿತ್ತು. ಅವಳು ತಿರುಗಿದ ಕೂಡಲೇ ಮೇಲಿನ ಫ್ಯಾನಿಗೆ ಹಾರುತ್ತಿತ್ತು.

ಒಂದು ಸಂಜೆ ಕಾಪುವಿನ ದೀಪಸ್ತಂಭದ ಕೆಳಗೆ ಮರಳಿನ ಮೇಲೆ ಕೂತಿದ್ದಾಗ ಅವನು ಕೇಳಿದ, "ನಿನ್ನ ಮನೆಗೆ ಬಂದು ಮಾತಾಡಲಾ?"

ವನೆಸ್ಸಾ ಅಲೆ ನೋಡುತ್ತ ಫೈಲಿನ ವಿಷಯ ಹೇಳಿದಳು.

ಅವಳ ತಾಯಿ ಇಮೆಲ್ಡಾ, ಗಂಡ ತೀರಿಕೊಂಡ ಮೇಲೆ, ಅಮೆರಿಕದಲ್ಲಿದ್ದ ತನ್ನ ಅಕ್ಕನ ಅರ್ಜಿಯಿಂದ ಗ್ರೀನ್ ಕಾರ್ಡ್ ಸಿಕ್ಕಿ ನ್ಯೂಜೆರ್ಸಿಗೆ ಹೋಗಿದ್ದಳು. ತಮ್ಮ ಜೋಯಲ್ ಚಿಕ್ಕವನಾದ್ದರಿಂದ ಅದೇ ಅರ್ಜಿಯಲ್ಲಿ ಜೊತೆಗೆ ಹೋದ. ವನೆಸ್ಸಾಳಿಗೆ ಇಪ್ಪತ್ತೊಂದು ದಾಟಿತ್ತು, ಅದರಲ್ಲಿ ಸೇರಿಸುವ ಹಾಗಿರಲಿಲ್ಲ. ಅವಳು ಉಳಿದಳು, ಗ್ಲ್ಯಾಡಿಸ್ ಚಿಕ್ಕಮ್ಮನ ಜೊತೆ. ಅಲ್ಲಿಗೆ ಹೋದ ಕೂಡಲೇ ತಾಯಿ ಮಾಡಿದ ಮೊದಲ ಕೆಲಸವೆಂದರೆ ಮಗಳ ಹೆಸರಿನಲ್ಲಿ ಅರ್ಜಿ ಹಾಕಿದ್ದು. ಅರ್ಜಿಯ ವರ್ಗ: ಮದುವೆಯಾಗದ ಮಗಳು.

"ಅಂದರೆ ಮದುವೆ ಆದರೆ?"

"ಆ ದಿನವೇ ಫೈಲ್ ಮುಗಿಯಿತು. ಇಷ್ಟು ವರ್ಷ ಕಾದದ್ದೆಲ್ಲ ಹೋಯಿತು." ಅವಳು ಮರಳನ್ನು ಬೆರಳಲ್ಲಿ ಕೆದಕಿದಳು. "ಜೋಯಲ್ ಮದುವೆಯಾಗಿ ಟೆಕ್ಸಾಸಿಗೆ ಹೋದ. ಮಮ್ಮಿ ಈಗ ಅಲ್ಲಿ ಒಬ್ಬಳೇ. ನನಗೆಂದು ಒಂದು ಕೋಣೆ ಇಟ್ಟಿದ್ದಾಳೆ ರೋನಿ. ಕ್ರಿಸ್ಮಸ್ ಬಂದಾಗೆಲ್ಲ ಆ ಕೋಣೆಯ ಕರ್ಟನ್ ಬದಲಿಸಿ ನನಗೆ ವೀಡಿಯೋದಲ್ಲಿ ತೋರಿಸ್ತಾಳೆ."

ರೋನಿ ಪ್ಯಾಂಟಿನ ಮರಳು ಕೊಡವಿಕೊಂಡು ಎದ್ದ. "ಹಾಗಾದರೆ ನಾನು ಎಂತದೂ ಕೇಳಲಿಲ್ಲ. ಆಯ್ತಾ?"

ಅವನು ಮತ್ತೆ ಕೇಳಲೂ ಇಲ್ಲ. ಬಿಟ್ಟುಹೋಗಲೂ ಇಲ್ಲ. ವೀಸಾದ ಸರದಿ ಯಾವ ತಾರೀಖಿನವರೆಗೆ ಬಂದಿದೆ ಎಂದು ತಿಂಗಳಿಗೊಮ್ಮೆ ಪ್ರಕಟಣೆ ಬರುತ್ತಿತ್ತು. ವನೆಸ್ಸಾಳಿಗಿಂತ ಮೊದಲು ಅವನೇ ಅದನ್ನು ನೋಡಿ ಮೆಸೇಜ್ ಹಾಕುತ್ತಿದ್ದ: "ಈ ತಿಂಗಳೂ ಮಿಸುಕಲಿಲ್ಲ." ಓದಿದ ಕೂಡಲೇ ಅವಳ ಎದೆ ಹಗುರವಾಗುತ್ತಿತ್ತು. ಮರುಕ್ಷಣ ಯಾರೂ ಮಲಗದ ಆ ಕೋಣೆಯ ಹೊಸ ಕರ್ಟನ್ ಕಣ್ಣಿಗೆ ಬಂದು, ಹಗುರವಾದದ್ದಕ್ಕೇ ನಾಚಿಕೆಯಾಗುತ್ತಿತ್ತು. ನೆಂಟರ ಮದುವೆಗಳಲ್ಲಿ ಹೆಂಗಸರು, "ನಿನ್ನದು ಯಾವಾಗ ಮಗಾ?" ಎಂದು ಕೇಳುವುದನ್ನೂ ಬಿಟ್ಟುಬಿಟ್ಟರು. ಅವಳಿಗೆ ಮೂವತ್ತು ದಾಟಿತು. ರೋನಿಯ ಕಿವಿಯ ಬಳಿ ಕೂದಲು ಬೆಳ್ಳಗಾಯಿತು. ಪ್ರೀತಿ ಎಂಬ ಮಾತು ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಅವನು ತಂದುಕೊಡುವ ಮರುವಾಯಿ ಚಿಪ್ಪು, ಅವಳು ಡಬ್ಬಿಯಲ್ಲಿ ಕಳಿಸುವ ಇಡ್ಲಿಯಂಥ ಸನ್ನ, ಇಷ್ಟರಲ್ಲೇ ವರ್ಷಗಳು ಸಾಗುತ್ತಿದ್ದವು.

ಒಂದು ಬೆಳಿಗ್ಗೆ ಜೋಯಲ್ ಫೋನ್ ಮಾಡಿದ. ಮಮ್ಮಿ ಕೆಲಸದಲ್ಲಿದ್ದಾಗಲೇ ಕುಸಿದು ಬಿದ್ದಿದ್ದಾಳೆ. ಸ್ಟ್ರೋಕ್. ಬಲಗಡೆ ಪೂರ್ತಿ ಬಿದ್ದುಹೋಗಿದೆ.

ಅಲ್ಲಿಗೆ ಹೋಗಬೇಕಾದರೆ ಇದ್ದದ್ದು ವಿಸಿಟರ್ ವೀಸಾ ಒಂದೇ. ಆಸ್ಪತ್ರೆಯ ಪತ್ರ ಇಟ್ಟು ಕೇಳಿಕೊಂಡದ್ದಕ್ಕೆ ಚೆನ್ನೈಯ ಅಮೆರಿಕನ್ ಕಾನ್ಸುಲೇಟಿನಲ್ಲಿ ತುರ್ತಾಗಿ ಸಂದರ್ಶನದ ದಿನ ಸಿಕ್ಕಿತು. ಗ್ಲ್ಯಾಡಿಸ್ ಚಿಕ್ಕಮ್ಮನಿಗೆ ಮಂಡಿ ನೋವು. ರೋನಿ ಅಂಗಡಿಗೆ ಬೀಗ ಹಾಕಿ, ಮಂಗಳೂರಿನಿಂದ ರೈಲಿನಲ್ಲಿ ಜೊತೆಗೆ ಹೊರಟ. ದಾರಿಯಲ್ಲಿ ಅವನು ಕಿತ್ತಳೆ ಸುಲಿದು, ನಾರು ತೆಗೆದು, ಒಂದೊಂದೇ ತೊಳೆ ಅವಳ ಅಂಗೈಯಲ್ಲಿಟ್ಟ.

ಕಚೇರಿಯೊಳಗೆ ಬ್ಯಾಗ್, ಫೋನ್ ಬಿಡುವುದಿಲ್ಲ. ಅವಳ ಕೆಂಪು ಹ್ಯಾಂಡ್‌ಬ್ಯಾಗನ್ನು ರೋನಿ ತನ್ನ ಹೆಗಲಿಗೇ ನೇತುಹಾಕಿಕೊಂಡು ಫುಟ್‌ಪಾತಿನಲ್ಲಿ ನಿಂತ. ತಿರುಗಿ ನೋಡಿದವಳಿಗೆ ಆ ಸಂಕಟದಲ್ಲೂ ಸಣ್ಣಗೆ ನಗು ಬಂತು.

ಗಾಜಿನ ಆಚೆ ಕೂತಿದ್ದ ಅಧಿಕಾರಿ ಇನ್ನೂ ಯುವಕ. ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ, "ನಿಮಗಾಗಿ ಯಾರಾದರೂ ವಲಸೆಯ ಅರ್ಜಿ ಹಾಕಿದ್ದಾರೆಯೇ?"

"ಹೌದು. ನನ್ನ ತಾಯಿ. ಈಗ ಆಸ್ಪತ್ರೆಯಲ್ಲಿ ಇರುವುದು ಅವರೇ."

"ಅಂದರೆ ನಿಮಗೆ ಅಲ್ಲೇ ನೆಲೆಸುವ ಉದ್ದೇಶವಿದೆ. ಈಗ ಹೋದರೆ ತಿರುಗಿ ಬರುತ್ತೀರಿ ಎಂದು ನಾನು ಹೇಗೆ ನಂಬಲಿ?"

ಅವಳು ಕೆಲಸದ ಪತ್ರ ತೋರಿಸಿದಳು. ಮನೆಯ ತೆರಿಗೆ ರಸೀದಿ ತೋರಿಸಿದಳು.

"ಗಂಡ? ಮಕ್ಕಳು?"

"ಇಲ್ಲ."

ಯಾಕಿಲ್ಲ ಎಂದು ಹೇಳಲು ಬಾಯಿ ತೆರೆದಳು. ಅಲ್ಲಿಗೆ ಹೋಗಬೇಕೆಂದೇ ಮದುವೆಯಾಗದೆ ಉಳಿದವಳು ತಾನು. ಈಗ ಮದುವೆಯಾಗಿಲ್ಲವೆಂದು ಅಲ್ಲಿಗೆ ಬಿಡುತ್ತಿಲ್ಲ. ಇದನ್ನು ಗಾಜಿನ ಸಣ್ಣ ಕಿಂಡಿಯಲ್ಲಿ ಹೇಗೆ ಹೇಳುವುದು? ಅವಳ ಬಾಯಿಂದ ಬಂದದ್ದು ಬೇರೆಯೇ ಮಾತು.

"ಹೊರಗೆ ಒಬ್ಬರು ನಿಂತಿದ್ದಾರೆ."

"ಯಾರು?"

ಅವಳು ಪದ ಹುಡುಕಿದಳು. ಗಂಡನಲ್ಲ. ನಿಶ್ಚಯವಾದವನಲ್ಲ. ಸ್ನೇಹಿತ ಎಂದರೆ ಸುಳ್ಳು. "ನನ್ನ ಬ್ಯಾಗ್ ಹಿಡಿದುಕೊಂಡು ನಿಂತಿದ್ದಾರೆ," ಎಂದಳು. "ನಾನು ಎಲ್ಲಿಗೆ ಹೋದರೂ ಅವರಿಗಾಗಿ ವಾಪಸ್ ಬರ್ತೇನೆ."

ಅಧಿಕಾರಿ ಆಸ್ಪತ್ರೆಯ ಪತ್ರವನ್ನು ಇನ್ನೊಮ್ಮೆ ಓದಿದ. ಒಂದು ಕ್ಷಣ ಏನಾದರೂ ಆದೀತು ಅನ್ನಿಸಿತು. ಆಮೇಲೆ ಪಾಸ್‌ಪೋರ್ಟಿನೊಳಗೆ ಚೀಟಿಯೊಂದನ್ನು ಇಟ್ಟು ಕಿಂಡಿಯಿಂದ ಹೊರಗೆ ತಳ್ಳಿದ. "ಕ್ಷಮಿಸಿ," ಎಂದ. ಅವನ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. ಸಿಟ್ಟು ಮಾಡಲಿಕ್ಕೂ ಯಾರೂ ಇರಲಿಲ್ಲ.

ಅವಳ ಮುಖ ನೋಡಿ ರೋನಿಗೆ ಗೊತ್ತಾಯಿತು. ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟು ಕೇಳಿದ, "ಎಂತ ಕೇಳಿದರು?"

"ವಾಪಸ್ ಬರಲಿಕ್ಕೆ ನಿನಗೆ ಇಲ್ಲಿ ಯಾರಿದ್ದಾರೆ ಅಂತ."

"ನೀನು ಎಂತ ಹೇಳಿದೆ?"

"ನಿನ್ನನ್ನು ಹೇಳಿದೆ."

ರೋನಿ ಹೆಗಲ ಮೇಲಿನ ಬ್ಯಾಗನ್ನು ಸುಮ್ಮನೆ ಸರಿಮಾಡಿಕೊಂಡ. "ಇಷ್ಟು ವರ್ಷ ನಾನು ಕೇಳದೆ ಇದ್ದದ್ದು ತಪ್ಪಾಯ್ತಾ ವನೆಸ್ಸಾ?"

"ಕೇಳಿದ್ದರೆ ನಾನು ಇಲ್ಲ ಅಂತಿದ್ದೆ."

"ಈಗ ಕೇಳಲಾ?"

"ಈಗ ಬೇಡ," ಎಂದು ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು. "ಈಗ ನನ್ನನ್ನು ಅಳಲಿಕ್ಕೆ ಬಿಡು."

ಆಟೋದವರು ನೋಡುತ್ತಿದ್ದರು. ಅವನು ಬಿಸಿಲಿಗೆ ಬೆನ್ನು ಕೊಟ್ಟು ಅವಳಿಗೆ ನೆರಳಾಗಿ ನಿಂತ.

ಇಮೆಲ್ಡಾ ಬದುಕಿದಳು, ಆದರೆ ಮಾತು ಹೋಯಿತು. ಉಳಿದದ್ದು ಒಂದೇ ಕೊಂಕಣಿ ಪದ, 'ಜಾಯ್ತ್'. ಆಗಲಿ. ಜ್ಯೂಸ್ ಬೇಕಾ ಎಂದರೆ ಜಾಯ್ತ್, ಇಂಜೆಕ್ಷನ್ ಎಂದರೂ ಜಾಯ್ತ್. ಒಂದು ದಿನ ವೀಡಿಯೋದಲ್ಲಿ ವನೆಸ್ಸಾ ಧೈರ್ಯ ಮಾಡಿ ರೋನಿಯ ವಿಷಯ ಹೇಳಿದಳು. "ಮದುವೆಯಾದರೆ ಫೈಲ್ ಹೋಗ್ತದೆ ಮಮ್ಮಿ. ನಾನು ನಿನ್ನ ಹತ್ತಿರ ಇರಲಿಕ್ಕೆ ಬರುವ ಹಾಗೆ ಇಲ್ಲ. ಗೊತ್ತಾಯ್ತಾ?"

"ಜಾಯ್ತ್," ಎಂದಳು ತಾಯಿ.

ಕೇಳಿ ಅರ್ಥಮಾಡಿಕೊಂಡು ಹೇಳಿದ್ದೋ, ಬಾಯಿಗೆ ಬಂದದ್ದೋ! ಯಾರನ್ನು ಕೇಳುವುದು? ಜೋಯಲ್ ಬೇಡವೆಂದ. "ಇಷ್ಟು ಕಾದಿದ್ದೀಯಲ್ಲ, ಇನ್ನೂ ಒಂದೆರಡು ವರ್ಷ ನೋಡು."

"ಮಮ್ಮಿಗೆ ಒಂದೆರಡು ವರ್ಷ ಉಂಟಾ ಜೋಯಲ್?"

ಜೋಯಲ್ ದನಿ ತಗ್ಗಿಸಿ ಹೇಳಿದ: ಊರಲ್ಲಿ ಗಂಡನಿದ್ದರೆ ವಿಸಿಟರ್ ವೀಸಾ ಸಿಕ್ಕಿದರೂ ಸಿಕ್ಕೀತು ಎಂದು ವಕೀಲರು ಹೇಳುತ್ತಿದ್ದಾರೆ, ಖಾತ್ರಿ ಏನಿಲ್ಲ.

ಆ ಸಂಜೆ ವನೆಸ್ಸಾ ಬಸ್ಸು ಹತ್ತಿ ಕಾಪುವಿನ ಅಂಗಡಿಗೆ ಹೋದಳು. ರೋನಿಯ ಕೈ ಮೊಣಕೈವರೆಗೆ ಗ್ರೀಸ್.

"ನೀನು ಕೇಳುವ ಹಾಗೆ ಕಾಣುವುದಿಲ್ಲ," ಎಂದಳು. "ನಾನೇ ಕೇಳ್ತೇನೆ. ನನ್ನನ್ನು ಮದುವೆ ಆಗ್ತೀಯಾ?"

ಅವನು ಬಟ್ಟೆಯಲ್ಲಿ ಕೈ ಒರೆಸಿದ, ಮತ್ತೆ ಒರೆಸಿದ, ಗ್ರೀಸ್ ಹೋಗಲಿಲ್ಲ. "ಮಮ್ಮಿ ಇಟ್ಟ ಆ ಕೋಣೆ?"

"ನನಗೆ ಗೊತ್ತಿಲ್ಲ ರೋನಿ. ಎಂತದೂ ಗೊತ್ತಿಲ್ಲ. ನೀನು ಬೇಕು ಅಂತ ಮಾತ್ರ ಗೊತ್ತುಂಟು."

ಅವನು ಗ್ರೀಸಿನ ಕೈಯಲ್ಲೇ ಅವಳ ಕೈ ಹಿಡಿದ.

ನೆಂಟರು ಕಡಿಮೆಯಾದ್ದರಿಂದ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರವನ್ನು ಎರಡೂ ಮನೆಯವರು ಕಲ್ಯಾಣಪುರದ ಅಂಗಳದಲ್ಲಿ ಒಟ್ಟಿಗೇ ಇಟ್ಟುಕೊಂಡರು. ವಧೂವರರ ತಲೆಗೆ ತೆಂಗಿನ ಹಾಲು ಹಚ್ಚಿ ಹರಸುವ ಹೊತ್ತು. ನ್ಯೂಜೆರ್ಸಿಯಲ್ಲಿ ಆಗ ಬೆಳಗಾಗಿತ್ತು. ಜೋಯಲ್ ತಾಯಿಯ ಹಾಸಿಗೆಯ ಬಳಿ ಫೋನ್ ಹಿಡಿದಿದ್ದ. ಇಲ್ಲಿ ರೋನಿ ಹಿಡಿದಿದ್ದ.

ಮೊದಲ ಹಾಲು ಹಚ್ಚಬೇಕಾದವಳು ತಾಯಿ. ಗ್ಲ್ಯಾಡಿಸ್ ಚಿಕ್ಕಮ್ಮ ಬಟ್ಟಲು ಹಿಡಿದು, "ಇಮೆಲ್ಡಾ, ನಿನ್ನ ಬದಲಿಗೆ ನಾನು ಹಚ್ಚಲಾ?" ಎಂದು ಕೇಳಿದಳು. ಹಾಡುತ್ತಿದ್ದ ಹೆಂಗಸರು ನಿಲ್ಲಿಸಿದರು.

ಇಮೆಲ್ಡಾ ಈ ಸಲ ಜಾಯ್ತ್ ಎನ್ನಲಿಲ್ಲ. ದಿಂಬು ಸರಿಮಾಡಲು ಬಂದ ಜೋಯಲ್‌ನ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಬಲಗೈ ಹೊದಿಕೆಯ ಮೇಲೆ ಹಾಗೇ ಬಿದ್ದಿತ್ತು. ಎಡಗೈ ಎತ್ತಿದಳು, ಸೊಟ್ಟಸೊಟ್ಟಾಗಿ ಮಗಳ ಹಣೆಯ ಎದುರು ಗಾಳಿಯಲ್ಲಿ ಶಿಲುಬೆಯ ಗುರುತು ಎಳೆದಳು.

ಚಿಕ್ಕಮ್ಮ ಹಾಲು ಸುರಿದಳು. ಅದು ಕಣ್ಣಿಗಿಳಿದರೂ ವನೆಸ್ಸಾ ಕಣ್ಣು ಮುಚ್ಚಲಿಲ್ಲ. ಅಮ್ಮನ ಕೈ ಇನ್ನೂ ಕೆಳಗಿಳಿದಿರಲಿಲ್ಲ. ಅದು ಏನನ್ನೋ ಹುಡುಕುತ್ತಿತ್ತು. ವನೆಸ್ಸಾ ರೋನಿಯ ಹತ್ತಿರ ಸರಿದು, ಅವನ ಕೆನ್ನೆಗೆ ಕೆನ್ನೆ ತಾಗಿಸಿ, ಇಬ್ಬರೂ ಕಾಣುವ ಹಾಗೆ ಫೋನ್ ತಿರುಗಿಸಿದಳು. ಆಗ ಆ ಕೈ ನಿಧಾನವಾಗಿ ಅವನ ಕಡೆಗೆ ಹೊರಳಿತು.