ಸಾವಿನ ಗಾಡಿಯಲ್ಲಿ ಬಂದ ಸುದ್ದಿ

ಗಾಡಿಯ ಹಿಂದಿನ ಗಾಜು ಪುಡಿಪುಡಿಯಾಯಿತು.

"ಕಲ್ಲೋ, ಗುಂಡೋ?" ಎಂದ ಗಾಡಿ ಓಡಿಸುತ್ತಿದ್ದ ಬೆಲ್ಮಿರೊ.

"ನೋಡೋಕೆ ಟೈಮಿಲ್ಲ. ಓಡ್ಸು!"

ಬೆನ್ನ ಹಿಂದೆ ಕಂಪನಿಯ ಪಿಕಪ್. ಒಳಗೆ ಸೆಕ್ಯುರಿಟಿಯ ಇಬ್ಬರು ಧಾಂಡಿಗರು. ನಾನೂ ಅದೇ ಕಂಪನಿಯವಳೇ ಅನ್ನಿ, ವಕ್ತಾರೆ ಜಾಂದಿರಾ. ಕೆಟ್ಟ ಸುದ್ದಿ ಹೇಳುವುದಕ್ಕೇ ನನಗೆ ಸಂಬಳ.

ಆ ಬೆಳಿಗ್ಗೆ ಗಣಿಯ ಕೆಸರನ್ನೆಲ್ಲ ತಡೆದು ನಿಲ್ಲಿಸಿದ್ದ ಕಟ್ಟೆ ಬಿರುಕು ಬಿಟ್ಟಿತ್ತು. ಅದರ ಕೆಳಗೇ ಪೆದ್ರಾ ಮಾನ್ಸ ಊರು. ಸಂಜೆಯೊಳಗೆ ಒಡೆಯುತ್ತದೆ ಎಂದು ಇಂಜಿನಿಯರು ನನ್ನೆದುರೇ ಹೇಳಿದ. ಡೈರೆಕ್ಟರ್ ಒತಾಸಿಲಿಯೊ ಕಾಫಿ ಹೀರುತ್ತ ನನ್ನತ್ತ ಒಂದು ಹಾಳೆ ತಳ್ಳಿದ. ಕಟ್ಟೆಯಲ್ಲಿ ಸಣ್ಣ ಹೊಂದಾಣಿಕೆ ನಡೆದಿದೆಯಂತೆ, ಆತಂಕ ಬೇಡವಂತೆ. ನಿಜವನ್ನು ಷೇರುಪೇಟೆ ಮುಚ್ಚಿದ ಮೇಲೆ ಹೇಳಬೇಕಂತೆ.

"ಜನ ಸಾಯ್ತಾರೆ, ಸಾಹೇಬ್ರೆ."

"ಸುದ್ದೀನ ಮೆತ್ತಗೆ ಹೇಳ್ಬೇಕು, ಜಾಂದಿರಾ. ನಿಂಗೆ ನಾನು ಕಲಿಸ್ಬೇಕಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹಾಳೆಯನ್ನು ಅವನ ಕಪ್ಪಿಗೇ ತುರುಕಿ ಹೊರಬಿದ್ದೆ.

ಸೈರನ್ ಕೂಗಿಸಿದರೆ ಯಾರೂ ಅಲುಗಾಡುತ್ತಿರಲಿಲ್ಲ. ಪರೀಕ್ಷೆ, ಪರೀಕ್ಷೆ ಅಂತ ಕೂಗಿಸಿ ಕೂಗಿಸಿ ಕಂಪನಿಯೇ ಅದರ ಮರ್ಯಾದೆ ಕಳೆದಿತ್ತು. ಆದರೆ ಬೆಲ್ಮಿರೊನ ಮೈಕಿನ ಗಾಡಿ ಬಂದರೆ ಇಡೀ ಊರು ಬಾಗಿಲಿಗೆ ಬರುತ್ತದೆ. ಯಾರೇ ಸತ್ತರೂ ಬೀದಿ ಬೀದಿ ಸುತ್ತಿ ಸಾರುವವನು ಅವನೇ. ಮೊದಲು ಚರ್ಚಿನ ಶೋಕದ ರಾಗ, ಆಮೇಲೆ ಹೆಸರು. ರಾಗ ಕೇಳಿದೊಡನೆ ಜನ ಟೋಪಿ ತೆಗೆದು, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅದಕ್ಕೇ ಸೀದಾ ಅವನ ಗಾಡಿ ಹತ್ತಿದ್ದೆ.

ಇಕ್ಕಟ್ಟಿನ ಓಣಿಗಳಲ್ಲಿ ಪಿಕಪ್ಪನ್ನು ಹಿಂದೆ ಹಾಕಿ ಊರ ಚೌಕಕ್ಕೆ ಬಂದೆವು.

"ರಾಗ ಹಾಕು" ಎಂದೆ.

"ಸತ್ತೋರು ಯಾರು?"

"ಇನ್ನೂ ಯಾರೂ ಇಲ್ಲ."

ಬಾಗಿಲುಗಳು ಒಂದೊಂದಾಗಿ ತೆರೆದವು. ಮೈಕು ಹಿಡಿದೆ. ನಮಸ್ಕಾರ ಇಲ್ಲ, ವಿಷಾದ ಇಲ್ಲ.

"ಕಟ್ಟೆ ಒಡೀತಿದೆ. ಸಂಜೆಯೊಳಗೆ ಕೆಸರು ಇಲ್ಲಿರತ್ತೆ. ಏನೂ ತಗೋಬೇಡಿ. ಮುದುಕರನ್ನ ಎತ್ಕೊಂಡು ಚರ್ಚಿನ ಗುಡ್ಡ ಹತ್ತಿ. ನಾನು ಕಂಪನಿಯವಳು. ಬಿರುಕನ್ನ ಕಣ್ಣಾರೆ ನೋಡಿದೀನಿ."

ಒಬ್ಬ ಅಜ್ಜಿ ಕೋಳಿಗಳ ಗತಿಯೇನು ಎಂದಳು. ಬಿಟ್ಟು ನಡಿ ತಾಯಿ ಎಂದೆ. ನಡೆದಳು. ಅವಳ ಹಿಂದೆ ಊರೇ ಎದ್ದಿತು.

ಅಷ್ಟರಲ್ಲಿ ಪಿಕಪ್ ಬಂದು ಅಡ್ಡ ನಿಂತಿತು. ಧಾಂಡಿಗನೊಬ್ಬ ಪಿಸ್ತೂಲು ಹಿಡಿದು ಇಳಿದ.

"ನಿಜಾನಾ?"

"ನಿಂಗೆ ಏನಂತ ಹೇಳಿ ಕಳಿಸಿದ್ರು?"

"ನೀನು ಗಾಡಿ ಕದ್ದಿದೀಯ ಅಂತ..." ಅವನು ಪಿಸ್ತೂಲು ಕೆಳಗಿಳಿಸಿದ. "ನಮ್ಮಮ್ಮ ಸೇತುವೆ ಪಕ್ಕದಲ್ಲೇ ಇದಾಳೆ."

"ಮತ್ತೆ ಇಲ್ಲೇನು ಮಾಡ್ತಿದೀಯೋ, ಪೆದ್ದ?"

ಅವನು ಓಡಿದ. ಇನ್ನೊಬ್ಬ ಅದೇ ಪಿಕಪ್ಪಿಗೆ ನಡೆಯಲಾಗದ ಮುದುಕರನ್ನು ಹತ್ತಿಸತೊಡಗಿದ.

ಇಳಿಹೊತ್ತಿಗೆ ಕಟ್ಟೆ ಒಡೆಯಿತು. ಊರ ಬೀದಿಗಳನ್ನು ಕೆಂಪು ಕೆಸರು ನುಂಗುವುದನ್ನು ಗುಡ್ಡದ ಮೇಲೆ ನಿಂತು ನೋಡಿದೆವು. ತಲೆ ಎಣಿಸಿದ ಪಾದ್ರಿ ಎಲ್ಲರೂ ಇದ್ದಾರೆ ಎಂದರು.

ಆಗ ಒತಾಸಿಲಿಯೊನ ಫೋನು. ಗುಡ್ಡ ಹತ್ತಿಸಿದ್ದ ಗಾಡಿಯ ಮೈಕಿಗೆ ಅದನ್ನು ಹಿಡಿದೆ.

"ಸುದ್ದಿ ಹೇಳೋ ರೀತಿನಾ ಇದು? ಷೇರು ನೆಲಕಚ್ಚಿದೆ. ಯಾರ ಪರ್ಮಿಷನ್ ತಗೊಂಡೆ?"

ನಾನು ಹೇಳದೆಯೇ ಬೆಲ್ಮಿರೊ ಶೋಕದ ರಾಗ ಹಾಕಿದ.

"ಸಾಹೇಬ್ರೆ, ಊರೆಲ್ಲ ಟೋಪಿ ತೆಗೆದು ನಿಂತಿದೆ. ಓದೋಕೆ ಒಂದು ಹೆಸ್ರೂ ಸಿಕ್ಕಿಲ್ಲ... ನಿಮ್ದೇ ಓದ್ಲಾ?"